ಬಾಯಿ ಮುಚ್ಚದ ಕ್ಯಾನುಗಳು

ನನ್ನಣ್ಣ ಬಿಗಿ ಮಾಡಿದ ಮುಚ್ಚಳವನ್ನು ಬಿಚ್ಚುವ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆನೆಯನ್ನೇ ಕರೆತಂದರೂ ಅದು ಸೊಂಡಿಲು ಸುತ್ತಿ, ಒಂದು ಸಲ ತಿರುಗಿಸಿ ನೋಡಿ, ತಲೆ ತಗ್ಗಿಸಿಕೊಂಡು ಕಾಡಿಗೆ ವಾಪಸು ಹೋದೀತು. ಉತ್ಪ್ರೇಕ್ಷೆ ಮಾಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಮನೆಯಲ್ಲಿ ನನ್ನನ್ನು ‘ಬೊಗಳೆ’ ಎಂದು ಕರೆಯುವುದು ಬರೀ ಪ್ರೀತಿಗೆ.

ಅಣ್ಣ ಹಣ್ಣಿನ ರಸ ತುಂಬುವ ಕಾರ್ಖಾನೆಯಲ್ಲಿದ್ದ. ಯಂತ್ರ ಸಡಿಲ ಬಿಟ್ಟ ಬಾಟಲಿಗಳನ್ನು ಸಾಲಿನಿಂದ ಎತ್ತಿ ಕೈಯಿಂದ ಬಿಗಿ ಮಾಡುವುದು ಅವನ ಕೆಲಸ. ಮೀಸೆ ಚಿಗುರುವ ವಯಸ್ಸಿನಿಂದ ತಲೆ ನರೆಯುವ ತನಕ ಅದೊಂದೇ ಕೆಲಸ. ಅವನು ಬಿಗಿ ಮಾಡಿದ ಮುಚ್ಚಳಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು, ಮಿಕ್ಕಿದ್ದರಲ್ಲಿ ಅಲ್ಲೊಂದು ಬೆಂಚೂ ಆಗುತ್ತಿತ್ತು. ಈ ಸಲ ಚಳಿ ಶುರುವಾಗುವ ಹೊತ್ತಿಗೆ ಕಾರ್ಖಾನೆಗೆ ಹೊಸ ಯಂತ್ರ ಬಂತು. ಸಡಿಲ ಬಿಡುವುದು ಎಂದರೇನೆಂದೇ ಗೊತ್ತಿಲ್ಲದ ಯಂತ್ರ. ಅಣ್ಣ ಮನೆಗೆ ಬಂದ. ಬೇರೆಯವರು ಕೆಲಸ ಬಿಡುವ ದಿನ ಗೋಡೆ ಗಡಿಯಾರ ಹಿಡಿದುಕೊಂಡು ಬರುತ್ತಾರೆ. ಇವನು ಒಂದು ಮೂಟೆ ಮುಚ್ಚಳ ಹೊತ್ತುಕೊಂಡು ಬಂದ.

ಅವನೇನೋ ಮನೆಗೆ ಬಂದ, ಕೈಗಳು ಬರಲಿಲ್ಲ. ಅವು ಇನ್ನೂ ಕಾರ್ಖಾನೆಯಲ್ಲೇ ಇದ್ದವು. ಕೂತರೆ ತಿರುಗಿಸುತ್ತಿದ್ದವು, ನಿಂತರೆ ತಿರುಗಿಸುತ್ತಿದ್ದವು. ನಲ್ಲಿಯನ್ನು ಎಷ್ಟು ಬಿಗಿ ಮಾಡಿದನೆಂದರೆ ಅತ್ತಿಗೆ ಮುಖ ತೊಳೆಯಲು ಕೆಳಗಿನ ಮನೆಗೆ ಹೋಗಬೇಕಾಯಿತು. ಸಕ್ಕರೆ ಡಬ್ಬಿ ತೆರೆಯಲಾಗದೆ ನಾವು ಒಂದು ವಾರ ಸಪ್ಪೆ ಚಹಾ ಕುಡಿದೆವು. ನಾನಾದರೂ ಏನು ಕಮ್ಮಿ? ಬರೀ ಹಲ್ಲಿನಲ್ಲಿ ಲಾರಿ ಎಳೆಯುವ ಆಸಾಮಿ. ಆದರೆ ಆ ಡಬ್ಬಿಯ ಮುಂದೆ ನಾನೂ ಕೈಚೆಲ್ಲಿ ಕೂತೆ.

“ರೀ, ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?” ಎನ್ನುತ್ತಿದ್ದಳು ಅತ್ತಿಗೆ.

“ಕೂತೇ ಇದೀನಲ್ಲ.”

“ನೀವು ಕೂತಿದೀರಿ. ಅವಕ್ಕೂ ಹೇಳಿ, ಕೂತ್ಕೊಳ್ಳಿ ಅಂತ,” ಎಂದು ಅವನ ಕೈಗಳ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದಳು.

ಅವಳಿಗೂ ಆ ಚಳಿಗಾಲ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ ಬಿಡಿ. ಅತ್ತಿಗೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುತ್ತಾಳೆ. ನಮ್ಮದು ಮೂರನೇ ಮಹಡಿ. ಮಣ್ಣು ಅಂತ ನಮ್ಮ ಮನೆಯೊಳಗೆ ಇರುವುದು ಚಪ್ಪಲಿಗೆ ಮೆತ್ತಿಕೊಂಡು ಬಂದಷ್ಟೇ. ಆಸ್ಪತ್ರೆಯ ಹಿಂದೆ, ರೈಲು ಹಳಿಯ ಪಕ್ಕದಲ್ಲಿ, ಊರಿನವರಿಗೆಂದು ಒಂದು ಕೈತೋಟ ಇದೆ. ವರ್ಷಕ್ಕೊಮ್ಮೆ, ಚಳಿ ಮುಗಿದ ಮೊದಲ ಭಾನುವಾರ, ಖಾಲಿ ಬಿದ್ದ ಮಡಿಗಳನ್ನು ಹಂಚುತ್ತಾರೆ. ಅದಕ್ಕೆ ಕಾಯುವವರ ಸಾಲು ಇರುವೆಸಾಲಿಗಿಂತ ಉದ್ದ.

ತೋಟದ ಯಜಮಾನಿಕೆ ಸಲಿಕೆ ಅಜ್ಜಿಯದು. ಸಲಿಕೆಯನ್ನು ಊರುಗೋಲು ಮಾಡಿಕೊಂಡು ಓಡಾಡುತ್ತಾಳೆಂದು ಆ ಹೆಸರು. ಅವಳ ಕಟ್ಟಳೆ ಕಲ್ಲಿನಲ್ಲಿ ಕೊರೆದಂಥದ್ದು: ಮಡಿ ಬೇಕಾದವರು ಆ ದಿನ ಬರಿಗೈಲಿ ಬರಬಾರದು. ತಾವೇ ಬೀಜದಿಂದ ಎಬ್ಬಿಸಿದ ಸಸಿಗಳನ್ನು ತರಬೇಕು, ಅಂದೇ ನೆಡಬೇಕು. ನೆಟ್ಟಷ್ಟು ನೆಲ ನೆಟ್ಟವರದು. ಖಾಲಿ ಉಳಿದದ್ದು ಸಾಲಿನಲ್ಲಿ ಹಿಂದಿರುವವರಿಗೆ. ಏನೂ ತರದವರು ಮತ್ತೆ ಸಾಲಿನ ಬಾಲಕ್ಕೆ.

ಹೋದ ವರ್ಷ ಅತ್ತಿಗೆಯ ಸರದಿ ಬಂದಿತ್ತು. ಮನೆಯೊಳಗೆ ಕಿಟಕಿಯ ಪಕ್ಕ ಸಸಿ ಎಬ್ಬಿಸಿದ್ದಳು. ಬಿಸಿಲು ಹುಡುಕಿಕೊಂಡು ಅವು ಸಣಕಲಾಗಿ, ಸೂಜಿಗೆ ಪೋಣಿಸುವ ದಾರದಷ್ಟು ಉದ್ದ ಬೆಳೆದಿದ್ದವು. ತೋಟದ ಗೇಟು ದಾಟಿದ್ದೇ ತಡ, ಗಾಳಿ ಒಂದು ಸಲ ಉಸ್ ಅಂದಿತು. ಎಲ್ಲವೂ ಒಟ್ಟಿಗೆ ಮಲಗಿದವು, ಆಸ್ಪತ್ರೆಯ ವಾರ್ಡಿನ ಹಾಗೆ.

“ಇವು ಕಿಟಕಿ ಮಕ್ಕಳು ಕಣಮ್ಮ,” ಎಂದಿದ್ದಳು ಅಜ್ಜಿ. “ಹೊರಗಿನ ಗಾಳಿ ಕಂಡಿಲ್ಲ. ಇನ್ನೊಂದು ವರ್ಷ ನಿನ್ನ ಜಾಗ ಹಿಡಿದಿಡ್ತೀನಿ. ಒಂದೇ ವರ್ಷ.”

ಆ ‘ಒಂದೇ ವರ್ಷ’ ಅತ್ತಿಗೆಯ ಹೊಟ್ಟೆಯಲ್ಲಿ ಇಡೀ ಮಳೆಗಾಲ ಗುಡುಗಿತು.

ಈ ಸಲ ಅವಳು ಬೇರೆ ಉಪಾಯ ಹೂಡಿದಳು. ಬೀಜವನ್ನು ಚಳಿಯಲ್ಲೇ, ಹೊರಗೇ, ಚಾವಣಿಯ ಮೇಲೆ ಬಿತ್ತುವುದು. ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ನಡು ಮಟ್ಟಕ್ಕೆ ಸುತ್ತ ಕತ್ತರಿಸಿ, ಹಿಡಿಕೆಯ ಕೆಳಗೆ ಎರಡು ಬೆರಳಷ್ಟು ಹಾಗೇ ಬಿಟ್ಟರೆ ಪೆಟ್ಟಿಗೆಯ ಹಾಗೆ ತೆರೆದು ಮುಚ್ಚಬಹುದು. ತಳಕ್ಕೆ ತೂತು, ಒಳಗೆ ಒದ್ದೆ ಮಣ್ಣು, ಮಣ್ಣಿಗೆ ಬೀಜ, ಕತ್ತರಿಸಿದ ಕಡೆ ಟೇಪು. ಮುಚ್ಚಳ ಮಾತ್ರ ಹಾಕಬಾರದು. ಮಳೆ, ಗಾಳಿ ಎಲ್ಲ ಆ ಬಾಯಿಂದಲೇ ಒಳಗೆ ಹೋಗಬೇಕು, ಹಗಲಿನ ಧಗೆ ಆ ಬಾಯಿಂದಲೇ ಹೊರಗೆ ಬರಬೇಕು. ಬೀಜ ಚಳಿಗೆ ನಡುಗಿಕೊಂಡು ಬಿದ್ದಿದ್ದು, ತನಗೆ ಯಾವಾಗ ಏಳಬೇಕು ಅನಿಸುತ್ತದೋ ಆವಾಗ ಏಳುತ್ತದೆ. ಎದ್ದದ್ದು ಗಟ್ಟಿಯಾಗಿ ಏಳುತ್ತದೆ.

ಕ್ಯಾನು ತರುವ ಜವಾಬ್ದಾರಿ ನನ್ನದು. ನಾನು ಬ್ರೆಡ್ ವ್ಯಾನ್ ಓಡಿಸುವವನು. ಹೋಟೆಲು, ಹಾಸ್ಟೆಲು, ಶಾಲೆ, ಆಸ್ಪತ್ರೆ ಎಲ್ಲದರ ಹಿಂಬಾಗಿಲೂ ನನಗೆ ಗೊತ್ತು. ನನ್ನ ಹಾರನ್ ಕೇಳಿದರೆ ಸಾಕು, ಖಾಲಿ ಕ್ಯಾನುಗಳು ತಾವೇ ಉರುಳಿಕೊಂಡು ಬಂದು ವ್ಯಾನ್ ಹತ್ತುತ್ತವೆ. ಒಂದೇ ವಾರದಲ್ಲಿ ಎಷ್ಟು ತಂದು ಹಾಕಿದೆ ಎಂದರೆ ಅಣ್ಣನಿಗೆ ಸ್ನಾನದ ಕೋಣೆಗೆ ಹೋಗಲು ಸುರಂಗ ಕೊರೆಯಬೇಕಾಯಿತು.

“ಇಷ್ಟೊಂದು ಯಾಕೋ?” ಎಂದಳು ಅತ್ತಿಗೆ.

“ನೀವು ‘ಸ್ವಲ್ಪ’ ಅಂದ್ರಿ ಅತ್ತಿಗೆ. ನನ್ನ ಸ್ವಲ್ಪ ಇಷ್ಟೇ.”

ಅಣ್ಣನ ಕೈಗಳಿಗೆ ಬಹಳ ದಿನದ ಮೇಲೆ ಉಸಿರು ಬಂತು. ತೊಳೆದ, ಕತ್ತರಿಸಿದ, ಮೊಳೆ ಕಾಯಿಸಿ ತೂತು ಹಾಕಿದ. ಟೇಪನ್ನು ಒಂದು ಸುತ್ತು ಸುತ್ತಿ ಎಂದರೆ ಮೂರು ಸುತ್ತು ಸುತ್ತಿದ. ಅತ್ತಿಗೆ ಬೀಜ ಉದುರಿಸುತ್ತ ಹೋದಳು: ಎಲೆಕೋಸು, ಟೊಮೆಟೊ, ಪಾಲಕ್, ಚೆಂಡುಹೂ, ಈರುಳ್ಳಿ. ಎಲ್ಲ ಸರಿಯಿತ್ತು. ಆದರೆ ಸಾಲಾಗಿ ನಿಂತ ಆ ಕ್ಯಾನುಗಳು ಬಾಯಿ ಬಿಟ್ಟುಕೊಂಡು ನಿಂತಿರುವುದನ್ನು ಅಣ್ಣನಿಗೆ ನೋಡಲಾಗಲಿಲ್ಲ. ಜೇಬಿನಿಂದ ಒಂದು ಮುಚ್ಚಳ ತೆಗೆದ.

“ಕೈ ತೆಗೀರಿ,” ಎಂದಳು ಅತ್ತಿಗೆ.

“ಸುಮ್ನೆ ಇಟ್ಟು ನೋಡಿದೆ, ಕೂರುತ್ತಾ ಅಂತ.”

“ಕೂರೋದು ಬೇಡ. ಬಾಯಿ ತೆರೆದೇ ಇರಬೇಕು.”

“ಧೂಳು ಬೀಳುತ್ತೆ ಕಣೇ.”

“ಮಣ್ಣಿಗೆ ಧೂಳು ಬಿದ್ರೆ ಏನಾಗುತ್ತೆ? ಶೀತ ಆಗುತ್ತಾ?”

ಅಣ್ಣ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೇ ಅದನ್ನು ತಿರುಗಿಸುತ್ತಿದ್ದ.

ಆಮೇಲಿನದು ಕಾಯುವ ಕೆಲಸ. ಕಾಯುವುದೆಂದರೆ ನಮ್ಮ ವಂಶಕ್ಕೇ ಆಗದು. ನಮ್ಮ ತಾತ ಅನ್ನ ಬೇಯುವ ತನಕ ಕಾಯಲಾರದೆ ಅಕ್ಕಿ ಮುಕ್ಕುತ್ತಿದ್ದನಂತೆ. ಚಾವಣಿಯ ಮೇಲೆ ಬೆಳಗ್ಗೆ ಹೆಪ್ಪುಗಟ್ಟಿದ ಇಬ್ಬನಿ, ಸಂಜೆ ಸುಳಿಗಾಳಿ. ಕ್ಯಾನುಗಳು ಮಾತಿಲ್ಲದೆ ನಿಂತಿದ್ದವು. ಅತ್ತಿಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ ಹತ್ತುವಳು, ಬಂದ ಮೇಲೆ ಒಂದು ಸಲ. ಮಧ್ಯೆ ಒಲೆಯ ಮೇಲೆ ಹಾಲಿಟ್ಟು, ‘ಈಗ ಬಂದೆ’ ಎಂದು ಇನ್ನೊಂದು ಸಲ. ಹಾಲು ಉಕ್ಕುವುದು, ಅವಳು ಇಳಿಯುವಳು, ಮುಖ ನೋಡಿದರೇ ಗೊತ್ತಾಗುವುದು, ಏನೂ ಇಲ್ಲವೆಂದು. ಕೆಳಮನೆಯವಳು ಬಂದು, “ನಿಮ್ಮ ಮೆಟ್ಟಿಲು ಸದ್ದಿಗೆ ನನ್ನ ಗೋಡೆ ಬಿರುಕು ಬಿಡ್ತಿದೆ,” ಎಂದು ಜಗಳವಾಡಿಹೋದಳು. ನಾನೂ ಒಂದು ಬೆಂಕಿಕಡ್ಡಿ ತಗೊಂಡು ಮಣ್ಣು ಕೆದಕಿ ನೋಡಿದೆ ಅನ್ನಿ, ಒಂದೇ ಒಂದು ಕ್ಯಾನಿನಲ್ಲಿ. ಹೆಚ್ಚೆಂದರೆ ಹತ್ತರಲ್ಲಿ.

ಇಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಗೆ ಬ್ರೆಡ್ ಇಳಿಸಿ ಬರುವಾಗ ತೋಟದ ಗೇಟಿನಲ್ಲಿ ಸಲಿಕೆ ಅಜ್ಜಿ ಕಂಡಳು.

“ಏನೋ ಬ್ರೆಡ್ಡು, ನಿಮ್ಮತ್ತಿಗೆ ಸಸಿ ಎಬ್ಬಿಸಿದಾಳಾ ಈ ಸಲನಾದ್ರೂ?”

ಏನು ಹೇಳಬೇಕಿತ್ತು ನಾನು? ಮನೆಯ ಮರ್ಯಾದೆ ಅಂತ ಒಂದಿರುತ್ತದಲ್ಲ. “ಸಸಿನಾ ಅಜ್ಜಿ? ಕಾಡು! ಚಾವಣಿ ಮೇಲೆ ಹೋಗ್ಬೇಕಾದ್ರೆ ಕತ್ತಿ ಹಿಡ್ಕೊಂಡು ದಾರಿ ಮಾಡ್ಕೊಂಡು ಹೋಗ್ತೀವಿ. ಮೊನ್ನೆ ಕೆಳಮನೆಯವರ ಬೆಕ್ಕು ಒಳಗೆ ಹೋಗಿದ್ದು ಇನ್ನೂ ಹೊರಗೆ ಬಂದಿಲ್ಲ.”

ಅಜ್ಜಿ ಸಲಿಕೆಯ ಮೇಲೆ ಗಲ್ಲ ಇಟ್ಟು ನನ್ನನ್ನೇ ನೋಡಿದಳು. “ಹಂಗಾದ್ರೆ ಹಳಿ ಪಕ್ಕದ ದೊಡ್ಡ ಮಡಿ ಅವಳಿಗೇ ಇರಲಿ. ಸಣ್ಣದರಲ್ಲಿ ಕಾಡು ಹಿಡಿಸೋದಾದ್ರೂ ಹೆಂಗೆ?”

ತೋಟದಲ್ಲೇ ಅತಿ ದೊಡ್ಡ ಮಡಿ! ಓಡಿ ಬಂದು ಹೇಳಿದೆ. ಅತ್ತಿಗೆ ಕುಣಿದಾಡುತ್ತಾಳೆಂದು ಕಾದೆ. ಅವಳು ಹಣೆ ಹಣೆ ಬಡಿದುಕೊಂಡಳು.

“ಒಂದು ಮೊಳಕೆ ಎದ್ದಿಲ್ಲ, ದೊಡ್ಡ ಮಡಿಯಂತೆ! ತುಂಬಿಸೋಕಾಗದೆ ಹೋದ್ರೆ ಉಳಿದಿದ್ದನ್ನ ನನ್ನ ಕಣ್ಣೆದುರಿಗೇ ಕತ್ತರಿಸಿ ಹಿಂದಿನವರಿಗೆ ಕೊಡ್ತಾಳೆ. ನಿನ್ನ ಬಾಯಿಗೆ ನಿಮ್ಮಣ್ಣನ ಕೈಲಿ ಒಂದು ಮುಚ್ಚಳ ಹಾಕಿಸ್ಬೇಕು.”

ಅಣ್ಣ ಆಸೆಯಿಂದ ತಲೆ ಎತ್ತಿದ.

ಆದರೆ ನೋಡಿ, ನನ್ನ ಬಾಯಿ ಸುಮ್ಮನೆ ಆಡುವುದಿಲ್ಲ. ಕೆಲವೇ ದಿನಗಳಲ್ಲಿ ಮೊದಲಿಗೆ ಎಲೆಕೋಸು ಎದ್ದಿತು. ಹಿಂದೆಯೇ ಪಾಲಕ್. ಈರುಳ್ಳಿ ಮಡಚಿದ ಹಸಿರು ಕೂದಲಿನ ಹಾಗೆ ಮಣ್ಣಿನಿಂದ ಬೆನ್ನು ತೂರಿಸಿತು. ಬಿಸಿಲು ಸ್ವಲ್ಪ ಖಾರವಾದ ಮೇಲೆ ಟೊಮೆಟೊ, ಚೆಂಡುಹೂ. ಕುಳ್ಳಗೆ, ಗಟ್ಟಿಗೆ, ದಪ್ಪ ಕಾಲಿನ ಸಸಿಗಳು. ಊದಿದರೆ ಅಲ್ಲಾಡದವು. ಅತ್ತಿಗೆ ಮೊಣಕಾಲೂರಿ ಒಂದೊಂದು ಕ್ಯಾನಿನ ಬಾಯಲ್ಲೂ ಇಣುಕಿದಳು. ಚಾವಣಿಯ ಆ ತುದಿಗೆ ಹೋಗಿ, ತಿರುಗಿ ಬಂದು, ಮತ್ತೆ ಮೊದಲಿನಿಂದ ಇಣುಕಿದಳು. ಇವೆಲ್ಲ ಸೇರಿದರೆ ದೊಡ್ಡ ಮಡಿ ತುಂಬಿ ಎರಡು ಹಿಡಿ ಉಳಿಯುತ್ತದೆ ಎಂದಳು. ಸಮಾಧಾನವಾಯಿತಾ? ಎಲ್ಲಿಯ ಸಮಾಧಾನ! ಇಷ್ಟು ದಿನ ‘ಏಳುತ್ತದೋ ಇಲ್ಲವೋ’ ಎಂದು ನಿದ್ದೆ ಇರಲಿಲ್ಲ. ಈಗ ‘ಉಳಿಯುತ್ತದೋ ಇಲ್ಲವೋ’ ಎಂದು ಇಲ್ಲವಾಯಿತು.

ಹಂಚುವ ಭಾನುವಾರಕ್ಕೆ ಇನ್ನು ಮೂರ್ನಾಲ್ಕು ದಿನ ಇರುವಾಗ ರೇಡಿಯೊದಲ್ಲಿ ಹೇಳಿದರು: ಚಳಿಗಾಳಿ ಮತ್ತೊಮ್ಮೆ ಬರಲಿದೆ, ಎಚ್ಚರ. ಈ ರೇಡಿಯೊ ನನಗಿಂತ ದೊಡ್ಡ ಬೊಗಳೆ. ಆದರೆ ಅದಕ್ಕೆ ಯಾರೂ ಹಾಗೆ ಹೆಸರಿಟ್ಟಿಲ್ಲವಾದ್ದರಿಂದ ಅಣ್ಣ ನಂಬಿದ. ಅತ್ತಿಗೆಗೆ ಆ ವಾರ ಬೆಳಗಿನ ಪಾಳಿ. ಬೆಳಕು ಹರಿಯುವ ಮುಂಚೆಯೇ ಹೊರಟುಹೋದಳು. ನಾನು ಬ್ರೆಡ್ ತುಂಬಲು ಹೋದೆ. ಮನೆಯಲ್ಲಿ ಅಣ್ಣ, ಅವನ ಕೈಗಳು, ಒಂದು ಮೂಟೆ ಮುಚ್ಚಳ.

ಮಧ್ಯಾಹ್ನ ಊಟಕ್ಕೆಂದು ಬಂದವನು ಮೊದಲು ಚಾವಣಿ ಹತ್ತಿದೆ. ಚಳಿಗಾಳಿಯ ಸುಳಿವೂ ಇರಲಿಲ್ಲ. ಸೂರ್ಯ ಎಷ್ಟು ಕೆಳಗೆ ಇಳಿದಿದ್ದನೆಂದರೆ ಕೈ ಚಾಚಿದರೆ ಬೀಡಿ ಹಚ್ಚಿಕೊಳ್ಳಬಹುದಿತ್ತು. ಕ್ಯಾನುಗಳು ಒಳಗಿನಿಂದ ಬೆವರಿ ಬೆಳ್ಳಗಾಗಿದ್ದವು. ಒಳಗೇನಿದೆ ಕಾಣುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಒಂದೊಂದರ ತಲೆಯ ಮೇಲೂ ಒಂದೊಂದು ಮುಚ್ಚಳ.

ಮೊದಲನೆಯದನ್ನು ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದೆ. ಅಂಗಿಯ ತುದಿ ಸುತ್ತಿ ತಿರುಗಿಸಿದೆ. ಕ್ಯಾನನ್ನು ಕಾಲಸಂದಿಯಲ್ಲಿ ಇರುಕಿಸಿಕೊಂಡು, ದೇವರನ್ನು ನೆನೆದು, ದೇವರನ್ನು ಬೈದು ತಿರುಗಿಸಿದೆ. ನಾನು ತಿರುಗಿದೆನೇ ಹೊರತು ಅದು ತಿರುಗಲಿಲ್ಲ. ಟೇಪು ಕೀಳೋಣವೆಂದರೆ ಮೂರು ಸುತ್ತು. ವ್ಯಾನಿನ ಬೀಗದಕೈಯಿಂದ ಟೇಪನ್ನು ಸೀಳಿ ಸೀಳಿ, ಮೇಲಿನರ್ಧ ಎತ್ತಿದೆ. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆ ಮುಖಕ್ಕೆ ಬಡಿಯಿತು, ಬೆಂದ ಸೊಪ್ಪಿನ ವಾಸನೆಯ ಸಮೇತ. ಎಲೆಕೋಸು ಮಣ್ಣಿಗೆ ಅಂಟಿಕೊಂಡು ಮಲಗಿತ್ತು. ಮುಂದಿನದು, ಅದರ ಮುಂದಿನದು. ಬೆರಳಿನ ಉಗುರು ಕಿತ್ತು ಬಂದರೂ ಬಿಡಲಿಲ್ಲ. ಟೊಮೆಟೊ ಬೆಂದಿತ್ತು, ಪಾಲಕ್ ಬೆಂದಿತ್ತು. ಚೆಂಡುಹೂವಿನ ಸಸಿಗಳು ಕೈಗೆತ್ತಿಕೊಂಡರೆ ದಾರದ ಹಾಗೆ ಜೋಲುತ್ತಿದ್ದವು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅಣ್ಣ. ಕೈಯಲ್ಲೊಂದು ಚೀಲ, ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ.

“ಕಾರ್ಖಾನೆ ಗೇಟಿಗೆ ಹೋಗಿದ್ದೆ ಕಣೋ. ಆ ಮೂಲೆಯ ಮೂರು ಕ್ಯಾನಿಗೆ ಅಗಲ ಬಾಯಿ, ನನ್ನ ಹತ್ರ ಇರೋ ಮುಚ್ಚಳ ಕೂರಲಿಲ್ಲ. ಉಗ್ರಾಣದವನ ಕಾಲು ಹಿಡಿದು ಅಗಲದ್ದು ತಂದೆ. ಚಳಿಗಾಳಿ ಬರೋದರೊಳಗೆ…”

“ಯಾವ ಚಳಿಗಾಳಿ ಅಣ್ಣಾ? ತಲೆ ಎತ್ತಿ ನೋಡು!”

ಅವನು ತಲೆ ಎತ್ತಿ ಸೂರ್ಯನನ್ನು ನೋಡಿದ. ತಲೆ ತಗ್ಗಿಸಿ ಕ್ಯಾನುಗಳನ್ನು ನೋಡಿದ. ಕೈಯಿಂದ ಚೀಲ ಜಾರಿ ಅಗಲದ ಮುಚ್ಚಳಗಳು ಚಾವಣಿಯ ತುಂಬ ಉರುಳಿದವು. ಆಮೇಲೆ ಅವನೂ ಬಂದು ನನ್ನ ಪಕ್ಕ ಕೂತು ಉಳಿದವನ್ನು ಬಿಚ್ಚತೊಡಗಿದ. ಅವನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಮುಚ್ಚಳ ಬೆಣ್ಣೆಯ ಹಾಗೆ ತಿರುಗಿ ಬರುತ್ತಿತ್ತು. ಒಂದೊಂದನ್ನೂ ಬಿಚ್ಚಿದ, ಒಂದೊಂದರಲ್ಲೂ ಇಣುಕಿದ.

ಮೂಲೆಯ ಆ ಮೂರು, ಹೋಟೆಲಿನ ಅಡುಗೆಮನೆಯಿಂದ ನಾನು ತಂದ ಅಗಲ ಬಾಯಿಯ ಎಣ್ಣೆ ಕ್ಯಾನುಗಳು. ಈರುಳ್ಳಿಗೆ ಮೇಲ್ಮೈ ಅಗಲ ಬೇಕೆಂದು ಅತ್ತಿಗೆ ಅವುಗಳಲ್ಲಿ ಉಳಿದ ಬೀಜವನ್ನೆಲ್ಲ ಸುರಿದಿದ್ದಳು. ಅವು ಮಾತ್ರ ಬಾಯಿ ಬಿಟ್ಟುಕೊಂಡು, ತುಂಬು ಗಡ್ಡದ ಹಾಗೆ ಹಸಿರಾಗಿ ನಿಂತಿದ್ದವು.

ಅತ್ತಿಗೆ ಪಾಳಿ ಮುಗಿಸಿ ಬಂದವಳು ಕೈಚೀಲವನ್ನೂ ಇಳಿಸದೆ ಮೇಲೆ ಹತ್ತಿದಳು. ಹಿಂದೆ ನಾನು, ನನ್ನ ಹಿಂದೆ ಅಣ್ಣ. ಅವಳು ಸಾಲಿನ ಮೊದಲಿನಿಂದ ಕೊನೆಯ ತನಕ ನಡೆದಳು. ಬೆಂದ ಒಂದು ಎಲೆ ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಚಳಿಗೆ ಸಾಯ್ತಾವೇನೋ ಅಂತ…” ಎಂದ.

“ಇಡೀ ಚಳಿಗಾಲ ಬದುಕಿದವು ರೀ ಅವು! ಬಾಯಿ ಬಿಟ್ಕೊಂಡೇ ಬದುಕಿದವು!” ಎಂದವಳು ಚಾವಣಿಯ ಅಂಚಿಗೆ ಹೋಗಿ ನಿಂತಳು. ಅಲ್ಲಿಂದ ತೋಟ ಕಾಣುವುದಿಲ್ಲ. ಆದರೂ ಆ ದಿಕ್ಕಿಗೇ ನೋಡುತ್ತಿದ್ದಳು. ತಿರುಗಿ ಬಂದು ಈರುಳ್ಳಿಯ ಕ್ಯಾನುಗಳನ್ನು ಒಂದೊಂದಾಗಿ ಎತ್ತಿ ತೂಗಿ ನೋಡಿದಳು. “ಇವತ್ತಿಂದ ಭಾನುವಾರದ ತನಕ ನೀವು ಈ ಮೆಟ್ಟಿಲು ಹತ್ತಕೂಡದು.”

ಆ ಮೂರ್ನಾಲ್ಕು ದಿನ ನಮ್ಮ ಮನೆ ಇರುವೆಗೂಡು. ಅತ್ತಿಗೆ ಮೇಲೆ ಕೆಳಗೆ, ಅಣ್ಣ ಮೆಟ್ಟಿಲ ಬುಡದಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲ ಬುಡಕ್ಕೆ. ಊಟಕ್ಕೆ ಕೂತರೆ ಒಬ್ಬರಾದರೂ ಎದ್ದು ಹೋಗಿರುತ್ತಿದ್ದರು. ನಾನು ಮಾತ್ರ ತಣ್ಣಗಿದ್ದೆ. ಯಾಕೆಂದರೆ ನನ್ನ ಹತ್ತಿರ ಒಂದು ಉಪಾಯವಿತ್ತು.

ಭಾನುವಾರ ಬೆಳಗ್ಗೆ ವ್ಯಾನಿನ ಹಿಂಬಾಗಿಲು ತೆಗೆದಾಗ ಅತ್ತಿಗೆಗೆ ಅದು ಕಂಡಿತು. ಬ್ರೆಡ್ ಟ್ರೇಗಳ ನಡುವೆ, ಸಸಿ ಮಾರುವ ನರ್ಸರಿಯಿಂದ ತಂದ ಎಲೆಕೋಸು, ಟೊಮೆಟೊ ಸಸಿಗಳು, ನಮ್ಮದೇ ಕ್ಯಾನುಗಳಲ್ಲಿ ಅಂದವಾಗಿ ಕೂತು ನಗುತ್ತಿದ್ದವು.

“ಇದೇನು?”

“ಕಾಡು,” ಎಂದೆ. “ಅಜ್ಜಿಗೆ ಕಾಡು ಅಂದಿದ್ದೀನಿ. ಇವನ್ನೂ ಸೇರಿಸಿದ್ರೆ ಮಡಿ ಪೂರ್ತಿ ತುಂಬುತ್ತೆ ಅತ್ತಿಗೆ. ಕ್ಯಾನು ನಮ್ಮದೇ, ಮಣ್ಣು ನಮ್ಮದೇ. ಬೀಜ ಒಂದು ಬೇರೆಯವರದು, ಅಷ್ಟೇ.”

ಅತ್ತಿಗೆ ಬಹಳ ಹೊತ್ತು ನೋಡಿದಳು. ಒಂದು ಎಲೆಕೋಸು ಸಸಿಯನ್ನು ಬೆರಳ ತುದಿಯಿಂದ ನೂಕಿದಳು ಕೂಡ. ಅದು ಓಲಾಡಿ ಮತ್ತೆ ನೆಟ್ಟಗಾಗಲಿಲ್ಲ. ಆಸೆಯಾಗಿತ್ತು ಅವಳಿಗೆ, ನನ್ನ ಕಣ್ಣು ತಪ್ಪಿಸುವುದು ಸುಲಭವಲ್ಲ, ನಾನು ಕತ್ತಲೆಯಲ್ಲಿ ಸೊಳ್ಳೆಯ ರೆಪ್ಪೆ ಎಣಿಸುವವನು.

“ಇವನ್ನ ನೆಡೋದಾಗಿದ್ರೆ ನಾನು ಚಳಿಗಾಲ ಪೂರ್ತಿ ಚಾವಣಿ ಹತ್ತಿ ಇಳಿದಿದ್ದು ಯಾಕೋ? ಮೊಣಕಾಲಿಗೆ ವ್ಯಾಯಾಮ ಅಂತಾನಾ?” ಎಂದಳು. “ಬಾಗಿಲು ಹಾಕು.”

ಆ ಸಸಿಗಳು ಇಡೀ ದಿನ ವ್ಯಾನಿನಲ್ಲೇ ಉಳಿದವು.

ತೋಟದಲ್ಲಿ ಸಲಿಕೆ ಅಜ್ಜಿ ದೊಡ್ಡ ಮಡಿಯ ತಲೆಯಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಸಾಲಿನಲ್ಲಿ ನಮ್ಮ ಹಿಂದಿದ್ದ ಆಸಾಮಿ, ಒಬ್ಬ ಕನ್ನಡಕದ ಅಂಗಡಿಯವನು. ಅವನ ತೊಟ್ಟಿಯಲ್ಲಿ ಬಟಾಣಿ ಸಸಿಗಳು. ನಾವು ಮೂವರೂ ತಲೆಗೊಂದು ಕ್ಯಾನು ಹಿಡಿದುಕೊಂಡು ಗೇಟು ದಾಟಿದೆವು. ಗಾಳಿ ಬೀಸಿತು. ಈರುಳ್ಳಿ ಬಾಗಿತು, ಎದ್ದಿತು.

ಅಜ್ಜಿ ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಗೇಟಿನ ಕಡೆ ನೋಡಿದಳು. “ಕಾಡೆಲ್ಲೋ ಬ್ರೆಡ್ಡು?”

“ಬೆಂದೋಯ್ತು ಅಜ್ಜಿ,” ಎಂದಳು ಅತ್ತಿಗೆ, ನಾನು ಬಾಯಿ ತೆರೆಯುವ ಮುಂಚೆಯೇ. “ಇವರು ಮುಚ್ಚಳ ಹಾಕಿಬಿಟ್ರು. ಉಳಿದಿದ್ದು ಇಷ್ಟೇ.”

ಅಜ್ಜಿ ಒಂದು ಸಸಿ ಕಿತ್ತು, ಬೇರು ತಿರುಗಿಸಿ ನೋಡಿದಳು. ಬೆರಳಿಗೆ ಸುತ್ತಿ ಎಳೆದಳು. “ಚಳಿ ತಿಂದ ಬೇರು,” ಎಂದಳು. “ಆದರೆ ಕಟ್ಟಳೆ ಕಟ್ಟಳೆಯೇ ಕಣಮ್ಮ. ನೆಟ್ಟಷ್ಟು ನಿನ್ನದು, ಉಳಿದಿದ್ದು ಇವರದು. ಈರುಳ್ಳಿಗೆ ಸಸಿಯಿಂದ ಸಸಿಗೆ ನಾಲ್ಕು ಬೆರಳು, ಸಾಲಿಂದ ಸಾಲಿಗೆ ಎರಡು ಸಲ ನಾಲ್ಕು ಬೆರಳು. ಜಾಗ ಹಿಡಿಯೋಕೆ ಅಂತ ಅಗಲ ಮಾಡೋ ಹಾಗಿಲ್ಲ, ನಾನು ನೋಡ್ತಿರ್ತೀನಿ.”

ಅತ್ತಿಗೆ ಕೂತಳು. ಕ್ಯಾನಿನ ಮಣ್ಣುಗಟ್ಟಿಯನ್ನು ರೊಟ್ಟಿ ಮುರಿದಂತೆ ಮುರಿದು, ಸಸಿಗಳನ್ನು ಬಿಡಿಸಿ, ಒಂದೊಂದಾಗಿ ಇಳಿಸತೊಡಗಿದಳು. ಅವಳ ಬೆರಳು ಹೊಲಿಗೆಯವಳ ಬೆರಳು, ತೆಳ್ಳಗೆ. ನಾಲ್ಕು ಸೇರಿದರೆ ಒಂದು ಬಾಚಣಿಗೆ. ಮೊದಲ ಕ್ಯಾನು ಮುಗಿಯುವ ಹೊತ್ತಿಗೆ ಲೆಕ್ಕ ಎಲ್ಲರಿಗೂ ಗೊತ್ತಾಯಿತು: ಈ ಬೆರಳಲ್ಲಿ ಅಳೆದರೆ ಅರ್ಧ ಮಡಿಯೂ ದಾಟುವುದಿಲ್ಲ. ಕನ್ನಡಕದವನು ಆಗಲೇ ಮಡಿಯ ಆ ತುದಿಯಲ್ಲಿ ತೊಟ್ಟಿ ಇಳಿಸಿದ್ದ. ಅತ್ತಿಗೆ ಒಂದು ಸಸಿ ನೆಡುವಳು, ಆ ತೊಟ್ಟಿ ನೋಡುವಳು. ಇನ್ನೊಂದು ನೆಡುವಳು, ಮತ್ತೆ ನೋಡುವಳು.

ಅಣ್ಣ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡು ದೂರ ನಿಂತಿದ್ದ. ಮುಟ್ಟಬೇಡಿ ಎಂದು ಅವಳು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

“ರೀ,” ಎಂದಳು ಅತ್ತಿಗೆ ಇದ್ದಕ್ಕಿದ್ದ ಹಾಗೆ. “ನಿಮ್ಮ ಕೈ ತೋರಿಸಿ.”

“ನಾನೇನೂ ಮಾಡಿಲ್ಲ!”

“ತೋರಿಸಿ ಅಂದೆ.”

ಅಣ್ಣ ಕೈ ಚಾಚಿದ. ಆ ಕೈಯ ವರ್ಣನೆ ನನಗೂ ಕಷ್ಟ. ಅಷ್ಟು ವರ್ಷ ಮುಚ್ಚಳ ತಿರುಗಿಸಿ ತಿರುಗಿಸಿ ಗೆಣ್ಣುಗಳು ಊದಿ ನಿಂತಿವೆ. ಒಂದೊಂದು ಬೆರಳೂ ಒಂದೊಂದು ಮೂಲಂಗಿ. ಅವನು ಕೈಗವಸು ಕೊಳ್ಳಲು ಹೋದರೆ ಅಂಗಡಿಯವರು ಕಾಲುಚೀಲ ಕೊಡುತ್ತಾರೆ.

“ಅಜ್ಜಿ, ನಾಲ್ಕು ಬೆರಳು ಅಂದ್ರಲ್ಲ, ಯಾರ ಬೆರಳು ಅಂತ ಹೇಳ್ಲಿಲ್ಲ.”

ಅಜ್ಜಿ ಅಣ್ಣನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ಸಲಿಕೆ ಹಿಡಿದ ಅವಳ ಕೈಯೂ ಸಣ್ಣದೇನಲ್ಲ; ಆದರೂ ಇದರ ಮುಂದೆ ಮಗುವಿನದು.

“ಅದು ಬೆರಳಾ ಅಜ್ಜಿ? ಬಾಳೆಗೊನೆ!” ಎಂದು ಕನ್ನಡಕದವನು ಕೂಗಿಕೊಂಡ. “ಇದು ಅನ್ಯಾಯ!”

“ಮನೆಯವರ ಕೈ ಮನೆಯವರದೇ ಅಲ್ವೇನಪ್ಪಾ,” ಎಂದಳು ಅಜ್ಜಿ. “ಅದನ್ನೇನು ಅಂಗಡಿಯಿಂದ ಬಾಡಿಗೆಗೆ ತಂದಿದಾರಾ? ಅಳೀರಿ. ಆದರೆ ನೆಟ್ಟಿದ್ದನ್ನ ಕೀಳೋ ಹಾಗಿಲ್ಲ, ಇಲ್ಲಿಂದ ಮುಂದಕ್ಕೆ.”

ಅಣ್ಣ ಮಡಿಯ ಪಕ್ಕ ಮೊಣಕಾಲೂರಿದ. ಕೈ ಇಟ್ಟ, ಅತ್ತಿಗೆ ಅದರಾಚೆ ಸಸಿ ಇಟ್ಟಳು. ಕೈ ಎತ್ತಿ ಮುಂದಕ್ಕಿಟ್ಟ. ಅವಳು ಇನ್ನೊಂದು ಸಸಿ ಇಟ್ಟಳು. ಬುಡದ ಮಣ್ಣು ಒತ್ತುವುದೂ ಅವನ ಪಾಲಿಗೇ ಬಂತು.

“ಸಡಿಲ,” ಎಂದಳು ಅತ್ತಿಗೆ.

“ಸಡಿಲವೇ.”

“ಇನ್ನೂ ಸಡಿಲ.”

“ಬಿದ್ದು ಹೋಗುತ್ತೆ ಕಣೇ!”

“ಬೀಳಲ್ಲ. ಎರಡೇ ಬೆರಳು ಹಚ್ಚಿ.”

ಅವನು ತೋರುಬೆರಳು, ಹೆಬ್ಬೆರಳು ಮಾತ್ರ ಇಟ್ಟು, ಹಣೆಯ ನರ ಉಬ್ಬಿಸಿ, ಉಸಿರು ಕಟ್ಟಿ ಸಡಿಲ ಮಾಡಿದ. ಲೋಕದಲ್ಲಿ ಸಡಿಲ ಮಾಡಲು ಅಷ್ಟು ಬಲ ಹಾಕಿದವನು ಇನ್ನೊಬ್ಬನಿಲ್ಲ. ನಾನು ನೀರು ಹೊತ್ತೆ. ಆ ದಿನ ನಾನು ಹೊತ್ತ ನೀರಿಗೆ ಊರಿನ ಕೆರೆಯ ತಳ ಕಂಡಿತು.

ಸಾಲುಗಳು ಮಡಿಯ ನಡುವನ್ನು ದಾಟಿದವು. ಮುಕ್ಕಾಲು ದಾಟಿದವು. ಕನ್ನಡಕದವನು ತೊಟ್ಟಿಯನ್ನು ಒಂದು ಸಲ ಹಿಂದೆ ಸರಿಸಿದ, ಎರಡು ಸಲ ಸರಿಸಿದ. ಬಿಸಿಲು ವಾಲುವ ಹೊತ್ತಿಗೆ ಕೊನೆಯ ಈರುಳ್ಳಿ ಕೂತಿತು. ಆಚೆಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಉಳಿದಿತ್ತು. ಅಜ್ಜಿ ಎರಡು ಗೂಟ ಹೊಡೆದು ದಾರ ಎಳೆದಳು. ದಾರದ ಈಚೆಯದು ಅತ್ತಿಗೆಯದು.

ಅತ್ತಿಗೆ ದಾರವನ್ನು ಕಾಲ ತುದಿಯಿಂದ ಮುಟ್ಟಿ ನೋಡಿದಳು. “ಚೆಂಡುಹೂವಿಗೆ ಅಂದ್ಕೊಂಡಿದ್ದ ಜಾಗ ಅದು,” ಎಂದಳು. ಕನ್ನಡಕದವನು ಕೇಳಿಸಿಕೊಂಡರೂ ಕೇಳಿಸದವನ ಹಾಗೆ ಬಟಾಣಿ ನೆಡುತ್ತಿದ್ದ.

“ತೋಟದಲ್ಲೇ ದೊಡ್ಡ ಮಡಿ ಈಗಲೂ ನಿಮ್ಮದೇ ಅತ್ತಿಗೆ,” ಎಂದೆ. “ಈ ತುದಿಯಿಂದ ಆ ತುದಿಗೆ ಹೋಗೋಕೆ ಬಸ್ಸು ಬಿಡ್ಬೇಕು.”

“ಸುಮ್ನಿರೋ,” ಎಂದಳು. ಆದರೆ ಹಾಗೆನ್ನುವಾಗ ಮಡಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡುತ್ತಲೇ ಇದ್ದಳು. ಅಜ್ಜಿ ಗೇಟು ಹಾಕುತ್ತೇನೆಂದು ಸಲಿಕೆ ಬಡಿದ ಮೇಲೇ ಹೊರಗೆ ಬಂದಳು. ಬಂದವಳು, ನೀರಿನ ಮಗ್ಗು ಮರೆತೆನೆಂದು ಒಳಗೆ ಹೋದಳು. ಮಗ್ಗು ನನ್ನ ಕೈಯಲ್ಲೇ ಇತ್ತು.

ವ್ಯಾನು ಹೊರಟಿತು. ಅತ್ತಿಗೆ ನನ್ನ ಪಕ್ಕ, ಅಣ್ಣ ಹಿಂದೆ ಬ್ರೆಡ್ ಟ್ರೇಗಳ ನಡುವೆ. ಮೊದಲ ತಿರುವು ದಾಟಿದೆವು, ಎರಡನೆಯದು ದಾಟಿದೆವು. ಅವಳ ಪಾದ ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

“ಗಾಡಿ ತಿರುಗಿಸು,” ಎಂದಳು.

“ಯಾಕತ್ತಿಗೆ? ಗೇಟು ಹಾಕಿರ್ತಾರೆ.”

“ಬೇಲಿ ಆಚೆಯಿಂದಲೇ ನೋಡ್ತೀನಿ. ಆ ಕೊನೇ ಸಾಲು ನಿಮ್ಮಣ್ಣ ಒತ್ತುವಾಗ ನಾನು ಈ ಕಡೆ ತಿರುಗಿದ್ದೆ.”

“ಸಡಿಲವಾಗೇ ಒತ್ತಿದೀನಿ!” ಎಂದು ಹಿಂದಿನಿಂದ ಕೂಗು ಬಂತು.

“ನಿಮ್ಮ ಸಡಿಲ ನನಗೆ ಗೊತ್ತು ರೀ.”

ನಾನು ಒಂದೇ ಕೈಯಲ್ಲಿ, ಕಣ್ಣು ಮುಚ್ಚಿ, ಎದುರಿಗೆ ಬರುತ್ತಿದ್ದ ಎಪ್ಪತ್ತು ಲಾರಿಗಳ ನಡುವೆ ವ್ಯಾನು ತಿರುಗಿಸಿದೆ.